ಯಾವ ಬರ್ತೀನಿ

ನಮ್ಮವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿ ಇರುವುದು ಕನ್ನಡಕ. ಕೋಪ ಇದ್ದದ್ದು ಹೆಬ್ಬೆರಳಿನಲ್ಲಿ. ಎದುರಿಗೆ ನಿಂತು ಒಂದು ನೊಣವನ್ನೂ ಗದರದ ಮನುಷ್ಯ, ಕೈಗೆ ಫೋನು ಬಂದ ಮೇಲೆ ಹೆಬ್ಬೆರಳಿನಿಂದ ಬೈಯುವುದನ್ನು ಕಲಿತರು. ಆ ಹೆಬ್ಬೆರಳು ಮಾಡಿದ ಅನಾಹುತವನ್ನೂ, ಅದೇ ಹೆಬ್ಬೆರಳು ತನಗೇ ಗೊತ್ತಿಲ್ಲದೆ ಮಾಡಿದ ಉಪಕಾರವನ್ನೂ ನಾನೇ ಹೇಳಬೇಕು. ಅವರನ್ನು ಕೇಳಿದರೆ "ಏನೂ ಆಗ್ಲಿಲ್ಲ ಬಿಡಿ" ಎಂದು ಕತ್ತರಿ ಆಡಿಸುತ್ತಾರೆ, ಅಷ್ಟೇ.

ನಮ್ಮದು ಕಟಿಂಗ್ ಶಾಪು. ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಆ ಕಡೆ ನಮ್ಮವರ ಕುರ್ಚಿಗಳು, ಎದುರುಬದುರು ಕನ್ನಡಿ, ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಈ ಕಡೆ ನನ್ನದೊಂದು ಕುರ್ಚಿ, ಹೆಂಗಸರ ಹುಬ್ಬು ತಿದ್ದುವ ದಾರದ ಉಂಡೆ, ತಲೆಗೆ ಹಚ್ಚುವ ಬಣ್ಣ ಕಲಸುವ ಬಟ್ಟಲು. ಪರದೆ ಅಂದರೆ ಹೆಸರಿಗೆ ಮಾತ್ರ. ಆ ಕಡೆ ಯಾರು ಕೆಮ್ಮಿದರೂ ಈ ಕಡೆ ನನಗೆ ಯಾರೆಂದು ಗೊತ್ತಾಗುತ್ತದೆ. ಮದುವೆಯಾಗಿ ಬಂದಾಗಿನಿಂದ ಆ ಬೆಂಚಿನ ಮಾತು ಕೇಳಿ ಕೇಳಿಯೇ ನಾನು ಈ ಬೀದಿಯವಳಾದದ್ದು. ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಯಾವ ಮನೆಯ ಅತ್ತೆಗೂ ಸೊಸೆಗೂ ಮಾತಿಲ್ಲ, ಯಾರಿಗೆ ಹುಷಾರಿಲ್ಲ, ಎಲ್ಲವೂ ಕತ್ತರಿಯ ಸದ್ದಿನ ಜೊತೆಗೇ ನನ್ನ ಕಿವಿಗೆ ಬೀಳುತ್ತಿತ್ತು.

ಆ ಮಾತುಗಳಿಗೆಲ್ಲ ಯಜಮಾನ ಡ್ರೈವರಣ್ಣ. ಸಿಟಿ ಬಸ್ ಓಡಿಸಿ ರಿಟೈರ್ ಆದವರು, ನಮ್ಮ ಎದುರಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಮಗಳ ಜೊತೆ ಇರುತ್ತಾರೆ. ನಮ್ಮವರಿಗೆ ಅವರ ತಲೆಯೆಂದರೆ ಪ್ರಾಣ. ಬಸ್ಸು ಓಡಿಸಿ ಓಡಿಸಿ ನೆಟ್ಟಗೆ ಮುಂದೆ ನೋಡುವ ಕತ್ತು, ಅಂಥ ತಲೆ ಹುಡುಕಿದರೂ ಸಿಗುವುದಿಲ್ಲ ಎನ್ನುತ್ತಿದ್ದರು. ಡ್ರೈವರಣ್ಣ ಕೂರುತ್ತಿದ್ದದ್ದು ಮಾವನವರ ಕಾಲದ ಮರದ ಕುರ್ಚಿಯಲ್ಲಿ ಮಾತ್ರ. ಚಿಕ್ಕವರಿದ್ದಾಗ ಆ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಅವರನ್ನು ಕೂರಿಸಿ ಮಾವನವರು ಕೂದಲು ಕತ್ತರಿಸುತ್ತಿದ್ದರಂತೆ. ಅಳಬೇಡ ಎಂದು ಎದುರಿಗೆ ನಿಂತು ಮುಖ ಸೊಟ್ಟ ಮಾಡಿ ತೋರಿಸುವ ಕೆಲಸ ನಮ್ಮವರದು. ಅವರಿಬ್ಬರ ಸ್ನೇಹ ಶುರುವಾದದ್ದೇ ಹಾಗೆ, ಒಬ್ಬರ ಅಳು ಇನ್ನೊಬ್ಬರ ನಗುವಿನಿಂದ.

ಆಮೇಲೆ ಬೀದಿಗೆ ಗ್ರೂಪ್ ಬಂತು. 'ನಮ್ಮ ಬೀದಿ' ಎಂದೇ ಅದರ ಹೆಸರು. ನಾನೊಬ್ಬಳನ್ನು ಬಿಟ್ಟು ಎಲ್ಲರೂ ಸೇರಿದರು. ಬೀದಿಯಲ್ಲೇ ಕೂತಿದ್ದೇನೆ, ಇನ್ನು ಫೋನಿನೊಳಗೊಂದು ಬೀದಿ ನನಗೇಕೆ ಎಂದು ನಾನು ಸುಮ್ಮನಿದ್ದೆ. ನಿಧಾನವಾಗಿ ಬೆಂಚಿನ ಬಾಯಿಗೆ ಬೀಗ ಬಿತ್ತು. ಬರುವವರು ಬರುತ್ತಿದ್ದರು, ಕೂರುತ್ತಿದ್ದರು, ತಲೆ ಬಗ್ಗಿಸುತ್ತಿದ್ದರು. ಕುರ್ಚಿಗೆ ಬಂದರೂ ಬಗ್ಗಿದ ತಲೆ ಬಗ್ಗಿದ ಹಾಗೇ. ಬಗ್ಗಿದ ತಲೆಗೆ ಕತ್ತರಿ ಹಾಕಿದರೆ ಹಿಂದೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಪರದೆಯ ಈ ಕಡೆ ನನಗೆ ದಿನವಿಡೀ ಕೇಳುತ್ತಿದ್ದದ್ದು ನಮ್ಮವರ ಒಂದೇ ಮಾತು, ತಲೆ ಎತ್ತಿ, ಸ್ವಲ್ಪ ತಲೆ ಎತ್ತಿ.

ಹಾಗೆನ್ನುತ್ತಲೇ ಅವರ ತಲೆಯೂ ಬಗ್ಗಿತು. ಕಟಿಂಗ್ ಮುಗಿದ ತಲೆಗಳನ್ನು ಹಿಂದಿನಿಂದ ಫೋಟೋ ತೆಗೆದು ಗ್ರೂಪಿಗೆ ಹಾಕುವ ಹುಚ್ಚು ಹಿಡಿಯಿತು. ಜನ ಹೆಬ್ಬೆರಳು ಎತ್ತಿದರೆ ಆ ದಿನ ಅನ್ನ ರುಚಿ, ಎತ್ತದಿದ್ದರೆ ಸಾರಿಗೆ ಉಪ್ಪು ಕಮ್ಮಿ. ಅಡುಗೆ ಮಾಡಿದ ನನಗೆ ಇದಕ್ಕಿಂತ ಅವಮಾನ ಬೇಕೇ?

ಜಗಳ ಆದದ್ದು ಆ ಮರದ ಕುರ್ಚಿಯಿಂದ. ಅದರ ಹಿಂಗಾಲು ಸೀಳು ಬಿಟ್ಟಿತ್ತು, ಗಿರಾಕಿ ಬಿದ್ದರೆ ಗತಿಯೇನು ಎಂದು ನಮ್ಮವರು ಎತ್ತಿ ಹಿತ್ತಲಿಗೆ ಇಟ್ಟರು. ಇಡುವ ಮೊದಲು ಒಂದು ಫೋಟೋ ತೆಗೆದರು. ತೆಗೆಯುವ ಮುಂಚೆ ಅದನ್ನು ಅಂಗಿಯ ತುದಿಯಿಂದ ಒರೆಸಿದ್ದನ್ನು ನಾನು ನೋಡಿದೆ. ಅಪ್ಪನ ಕುರ್ಚಿ ಇವತ್ತು ರಿಟೈರ್ ಆಯಿತು ಎಂದು ಬರೆದು ಗ್ರೂಪಿಗೆ ಹಾಕಿದರು. ಮೊದಲ ಉತ್ತರ ಡ್ರೈವರಣ್ಣನಿಂದಲೇ ಬಂತು. ಮಾತಿಲ್ಲ, ಒಂದು ಹಳದಿ ಮುಖ ಮಾತ್ರ. ಬಾಯಿ ಅಗಲ, ಹಲ್ಲು ಪೂರ್ತಿ ಹೊರಗೆ, ಎರಡೂ ಕಣ್ಣಿನಿಂದ ನೀರು.

ನಮ್ಮವರ ಮುಖ ಕಪ್ಪಿಟ್ಟಿತು. ಅಪ್ಪನ ಕುರ್ಚಿ ನೋಡಿ ಹಲ್ಲು ಕಿರಿಯುತ್ತಾನೆ ಎಂದರು. ಎದುರಿಗೇ ಮನೆ ಇದೆಯಲ್ಲ, ಹೋಗಿ ಕೇಳಿ ಎಂದೆ. ಕೇಳಲಿಲ್ಲ. ಹೆಬ್ಬೆರಳು ಓಡಿತು. ನಗುವವರು ನಗಲಿ, ಅಂಥವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದು ಬೇಡ ಎಂದು ಇಡೀ ಬೀದಿಯ ಮುಂದೆ ಬರೆದುಬಿಟ್ಟರು. ಕೆಲವರು ಕಣ್ಣರಳಿಸಿದ ಮುಖ ಹಾಕಿದರು, ಕೆಲವರು ಕೈಮುಗಿದ ಚಿತ್ರ ಹಾಕಿದರು, ಒಬ್ಬರೂ ಎದ್ದು ಬಂದು ಏನಯ್ಯಾ ಇದು ಅನ್ನಲಿಲ್ಲ. ಡ್ರೈವರಣ್ಣ ಬರೆದದ್ದು ಒಂದೇ ಮಾತು. ಸರಿ.

ಅವತ್ತಿನಿಂದ ಅವರು ನಮ್ಮ ಕಡೆ ಸುಳಿಯಲಿಲ್ಲ.

ಮೊದಮೊದಲು ನಮ್ಮವರು ಮುಖ ಊದಿಸಿಕೊಂಡೇ ಇದ್ದರು. ತಿಂಗಳು ಉರುಳಿತು, ಇನ್ನೊಂದೂ ಉರುಳಿತು. ಆಗ ಬೇರೆಯದೇ ಸಂಕಟ ಶುರುವಾಯಿತು. ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ಹೊಸ ಸಲೂನು ತೆರೆದಿದ್ದರು. ಡ್ರೈವರಣ್ಣ ಅಲ್ಲಿಗೇ ಹೋಗುತ್ತಿರಬೇಕು ಎಂದು ಇವರ ತಲೆಗೆ ಹುಳ ಹೊಕ್ಕಿತು. ಬೇರೆಯವನ ಕತ್ತರಿಗೆ ತಲೆ ಕೊಟ್ಟನಲ್ಲ ಎಂದು ಒಳಗೊಳಗೇ ಹೊಟ್ಟೆ ಉರಿದುಕೊಂಡರು. ನಾನು ಯಾರ ಜೊತೆಗಾದರೂ ಓಡಿಹೋಗಿದ್ದರೂ ಇಷ್ಟು ಸೊರಗುತ್ತಿರಲಿಲ್ಲವೇನೋ. ಹೋಗಿ ಮಾತಾಡಿಸಿ ಎಂದರೆ ಮೊದಲು ಅವನು ಬರಲಿ ಎನ್ನುತ್ತಿದ್ದರು. ಬರಬೇಡ ಅಂದದ್ದು ಯಾರು ಎಂದು ನಾನು ಕೇಳಿದರೆ ಕನ್ನಡಿ ಒರೆಸಲು ಹೋಗುತ್ತಿದ್ದರು.

ಒಂದು ದಿನ ಮೆಡಿಕಲ್ ಶಾಪಿನವರಿಗೆ ಗಡ್ಡ ಮಾಡುತ್ತಿದ್ದಾಗ ಫೋನು ಟಿಂಗ್ ಎಂದಿತು. ನಮ್ಮವರ ಕಣ್ಣು ಅತ್ತ ಜಾರಿತು, ಕತ್ತಿ ಕಿವಿಯ ಬುಡಕ್ಕೆ ಜಾರಿತು. ಒಂದೇ ಒಂದು ಹನಿ ರಕ್ತ. ತಮಾಷೆಯೆಂದರೆ ಮೆಡಿಕಲ್ ಶಾಪಿನವರಿಗೆ ಅದು ಗೊತ್ತೇ ಆಗಲಿಲ್ಲ, ಅವರೂ ಫೋನು ನೋಡುತ್ತಿದ್ದರು. ಹತ್ತಿ ತಂದು ಒತ್ತಿದ್ದು ನಾನು. ನಾನು ಜಗಳಗಂಟಿ, ಒಪ್ಪುತ್ತೇನೆ, ಆದರೆ ಆವತ್ತು ಕೂಗಾಡಲಿಲ್ಲ. ಗಿರಾಕಿ ಹೋದ ಮೇಲೆ ಮೆಲ್ಲಗೆ ಹೇಳಿದೆ.

"ಕೈ ಇದ್ದ ಕಡೆ ಕಣ್ಣಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕಿಬಿಡಿ ರೀ."

ಮಧ್ಯಾಹ್ನ ಊಟಕ್ಕೆ ಶಟರ್ ಅರ್ಧ ಎಳೆದವರು ಬೆಂಚಿನ ಮೇಲೆ ಕೂತು ಫೋನು ತೆಗೆದರು. ಗ್ರೂಪ್ ಬಿಡುತ್ತೇನೆ ಎಂದರು. ಬಿಡಿ, ಅದಕ್ಕೇನು ಮುಹೂರ್ತವೇ ಎಂದೆ. ಹಾಗಲ್ಲ, ಇಷ್ಟು ದಿನ ಜೊತೆಗಿದ್ದವರಿಗೆ ಹೇಳದೆ ಎದ್ದು ಹೋಗಬಾರದು ಎಂದರು. ಬರೆಯತೊಡಗಿದರು. ಡ್ರೈವರಣ್ಣನ ಮೇಲಿನ ಕೋಪ, ಅಪ್ಪನ ಕುರ್ಚಿ, ಕಿವಿಯ ರಕ್ತ, ಎಲ್ಲವನ್ನೂ ಬರೆದರು, ಓದಿದರು, ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ನಡುವೆ ಒಂದು ಸಲ ಫೋನು ಟಿಂಗ್ ಎಂದಿತು. ಇವರು ಅಕ್ಷರ ಹುಡುಕುವ ಭರದಲ್ಲಿದ್ದರು, ಅದೇನೆಂದು ನೋಡಲಿಲ್ಲ. ಅನ್ನ ಆರಿ ಕಲ್ಲಾಯಿತು. ಕೊನೆಗೆ ಅಳಿಸಿ ಅಳಿಸಿ ಉಳಿದದ್ದು ಒಂದೇ ಮಾತು.

ಬರ್ತೀನಿ.

ನನಗೆ ಅದು ಸರಿಯೆನಿಸಿತು. ಹೊಸ್ತಿಲ ಮೇಲೆ ನಿಂತು ಹೋಗ್ತೀನಿ ಎನ್ನುವುದುಂಟೇ? ನಮ್ಮತ್ತೆಯ ಮುಂದೆ ಯಾರಾದರೂ ಬಾಯಿತಪ್ಪಿ ಹಾಗೆಂದರೆ ಅವರನ್ನು ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, ಬರ್ತೀನಿ ಅನ್ನಿಸಿಯೇ ಕಳಿಸುತ್ತಿದ್ದರು. ಹೋಗುವವರು ಬರ್ತೀನಿ ಎನ್ನಬೇಕು, ಇರುವವರು ಹೋಗಿ ಬನ್ನಿ ಎನ್ನಬೇಕು. ನಮ್ಮವರು ಅದನ್ನು ಕಳಿಸಿದರು. ಗ್ರೂಪಿನಿಂದ ಹೊರಬರುವ ಬಟನ್ ಯಾವುದೆಂದು ನಾವಿಬ್ಬರೂ ಕನ್ನಡಕ ಬದಲಾಯಿಸಿಕೊಂಡು ಹುಡುಕಿದೆವು. ಹೊರಬಂದದ್ದೂ ಆಯಿತು, ಫೋನಿನಿಂದ ಅದನ್ನು ಬೇರುಸಹಿತ ಕಿತ್ತದ್ದೂ ಆಯಿತು. ಆಮೇಲೆ ನಮ್ಮವರು ಖಾಲಿ ಫೋನನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಪಾಪ ಅನ್ನಿಸಿತು. ಅನ್ನ ಬಿಸಿ ಮಾಡಿ ಬಡಿಸಿದೆ.

ಮರುದಿನ ಮೆಡಿಕಲ್ ಶಾಪಿನವರು ದಾರಿಯಲ್ಲಿ ಸಿಕ್ಕಿ, ಒಳ್ಳೆಯ ಕೆಲಸ ಮಾಡಿದಿರಿ, ದೊಡ್ಡ ಮನಸ್ಸು ಮಾಡಿದಿರಿ ಎಂದು ಬೆನ್ನು ತಟ್ಟಿದರಂತೆ. ಗ್ರೂಪ್ ಬಿಟ್ಟದ್ದಕ್ಕೆ ಇಷ್ಟು ಮರ್ಯಾದೆಯೇ ಎಂದು ನಮ್ಮವರು ಉಬ್ಬಿದರು. ಏನೋ ತಾಳ ತಪ್ಪಿದೆ ಎಂದು ನನಗೂ ಹೊಳೆಯಲಿಲ್ಲ.

ಅಂಗಡಿ ಬದಲಾಯಿತು. ಬಾಚಣಿಗೆ ಇಡುವ ಒಂದು ಟ್ರೇ ಖಾಲಿ ಮಾಡಿ ಬೆಂಚಿನ ಪಕ್ಕ ಇಟ್ಟರು. ಒಳಗೆ ಬಂದವರು ಫೋನನ್ನು ಅದರಲ್ಲಿ ಹಾಕಿ ಕೂರಬೇಕು. ಫೋನಿಗೂ ಸ್ವಲ್ಪ ರೆಸ್ಟ್ ಕೊಡಿ ಎಂದು ನಕ್ಕು ಹೇಳುತ್ತಿದ್ದರು, ಆದರೆ ಹಾಕುವ ತನಕ ಕತ್ತರಿ ಮುಟ್ಟುತ್ತಿರಲಿಲ್ಲ. ಮೊದಮೊದಲು ಜನ ಒದ್ದಾಡಿದರು. ಕೈಗೆ ಕೆಲಸವಿಲ್ಲದೆ ಮೊಣಕಾಲು ತಟ್ಟುವುದು, ಗೋಡೆಯ ಹಲ್ಲಿ ನೋಡುವುದು, ಇಲ್ಲದ ಕೆಮ್ಮು ಕೆಮ್ಮುವುದು. ಒಬ್ಬಿಬ್ಬರು ಗಾಜಿನ ಬಾಗಿಲಿನ ಕಡೆಗೂ ಹೋದರು. ಹೋದರೆ ಹೋಗಲಿ ಎಂದೆ ನಾನು.

ಆಮೇಲೊಂದು ದಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದ ಇಬ್ಬರು ಮಾತಿಗೆ ಶುರುವಿಟ್ಟರು. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುವ ತಲೆಹರಟೆಯವನೊಬ್ಬನಿದ್ದಾನೆ, ಗ್ರೂಪಿನಲ್ಲಿ ಅವನಿಗೆ ಎಷ್ಟು ಬೈದರೂ ಬುದ್ಧಿಯಿಲ್ಲ ಎಂದರು ಒಬ್ಬರು. ಇನ್ನೊಬ್ಬರು ಸ್ವಲ್ಪ ತಡೆದು, ಹಸಿರು ಸ್ಕೂಟರಾ ಎಂದು ಕೇಳಿದರು. ಹೌದು ಎಂದರು ಇವರು. ಅದು ನಂದೇ ಎಂದರು ಅವರು. ಪರದೆಯ ಈ ಕಡೆ ನಾನು ಉಸಿರು ಬಿಗಿಹಿಡಿದೆ. ಆ ಕಡೆ ಮೊದಲು ನಕ್ಕದ್ದು ಯಾರೋ ತಿಳಿಯಲಿಲ್ಲ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಕೂಟರಿನವರ ಅಮ್ಮನಿಗೆ ನಡೆಯಲು ಆಗುವುದಿಲ್ಲವಂತೆ, ಅದಕ್ಕೇ ಗೇಟಿನ ಹತ್ತಿರ ನಿಲ್ಲಿಸುವುದಂತೆ. ಮೊದಲೇ ಹೇಳಬಾರದಿತ್ತೇ ಎಂದರು ಇನ್ನೊಬ್ಬರು. ಮೊದಲು ನೀವು ಸಿಕ್ಕಿದ್ದರಲ್ಲವೇ ಎಂದರು ಅವರು.

ಹೀಗೆ ಬೆಂಚಿಗೆ ಬಾಯಿ ಬಂತು. ಕಟಿಂಗ್ ಆದ ಮೇಲೂ ಜನ ಏಳುತ್ತಿರಲಿಲ್ಲ, ನಾನು ಟೀ ಸೋಸಿ ಸೋಸಿ ಸುಸ್ತಾದೆ. ಆದರೆ ನಮ್ಮವರ ಬಾಯಿ ಮಾತ್ರ ಪೂರ್ತಿ ಬಿಚ್ಚಲಿಲ್ಲ. ಹಿತ್ತಲಿನ ಕುರ್ಚಿಯನ್ನು ತಂದರು, ಸೀಳಿದ ಕಾಲಿಗೆ ಪಟ್ಟಿ ಹೊಡೆದರು, ಸ್ಕ್ರೂ ಬಿಗಿದರು, ಉಜ್ಜಿ ಹೊಳಪು ಬರಿಸಿ ಮೂಲೆಯಲ್ಲಿಟ್ಟರು. ಯಾರಿಗೆ ಎಂದು ಕೇಳಿದೆ. ಸುಮ್ನೆ ಎಂದರು. ಯಾರಾದರೂ ಕೂರಲು ಹೋದರೆ ಅದು ಬೇಡ ಎನ್ನುತ್ತಿದ್ದರು. ಹೊರಗೆ ಯಾರದೋ ನೆಟ್ಟಗಿನ ಕತ್ತು ಹಾದುಹೋದರೆ ಕತ್ತರಿ ಅರೆಗಳಿಗೆ ನಿಲ್ಲುತ್ತಿತ್ತು. ನನಗದು ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಡ್ರೈವರಣ್ಣನ ಮಗಳು ಹುಬ್ಬು ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ, ಚಿಕ್ಕವಳಿದ್ದಾಗಿನಿಂದ ನನ್ನನ್ನು ಚಿಕ್ಕಮ್ಮ ಎನ್ನುವವಳು. ಬಹಳ ದಿನಕ್ಕೆ ಬಂದಳು, ಮುಖ ಬಾಡಿತ್ತು. ಕೂರಿಸಿದೆ. ಹುಬ್ಬು ತಿದ್ದುವಾಗ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿ ಇರುತ್ತದೆ, ಬಾಯಿ ತೆರೆಯುವಂತಿಲ್ಲ. ಅದು ನನ್ನ ಗ್ರಹಚಾರ. ನಾನು ಬಾಯಿ ಮುಚ್ಚಿಕೊಂಡಿದ್ದಾಗಲೇ ಜನ ಎಲ್ಲ ಹೇಳುವುದು.

ಒಂದು ಹುಬ್ಬು ಮುಗಿಯುವ ಹೊತ್ತಿಗೆ ಅವಳ ಕಣ್ಣಂಚಿನಿಂದ ನೀರು ಇಳಿಯಿತು. ದಾರದ ಉರಿ ಎಂದುಕೊಂಡೆ. ಅಲ್ಲ. ನಾಳೆ ಅಪ್ಪನಿಗೆ ಆಪರೇಷನ್ ಎಂದಳು. ಕುರ್ಚಿಯ ಜಗಳ ಆದ ವಾರದಲ್ಲೇ ಡ್ರೈವರಣ್ಣ ಮೆಟ್ಟಿಲ ಮೇಲೆ ಜಾರಿ ಬಿದ್ದರಂತೆ, ಸೊಂಟದ ಕೀಲಿಗೆ ಪೆಟ್ಟಾಯಿತಂತೆ. ಹೃದಯ ಗಟ್ಟಿಯಿಲ್ಲ ಎಂದು, ಮನೆಗೇ ಬಂದು ನೋಡುವ ಡಾಕ್ಟರು ಆಪರೇಷನ್ ಮುಂದೂಡುತ್ತ ಬಂದು ಈಗ ಇನ್ನು ತಡಮಾಡಲಾಗದು ಎಂದಿದ್ದಾರಂತೆ. ಅಷ್ಟು ದಿನದಿಂದ ಮನುಷ್ಯ ಮಹಡಿ ಇಳಿದೇ ಇಲ್ಲ. ಯಾರಿಗೂ ಹೇಳಬೇಡ ಎಂದು ಮಗಳಿಂದ ಆಣೆ ಹಾಕಿಸಿಕೊಂಡಿದ್ದರಂತೆ. ಎದುರಿನ ಮನೆ ಅದು, ನಮ್ಮ ಬಾಗಿಲಿನಿಂದ ಅವರ ಕಿಟಕಿ ಕಾಣುತ್ತದೆ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಅವಳು ಇನ್ನೂ ಹೇಳುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ತಡೆಯಲಾರದೆ ಅಪ್ಪ ಗ್ರೂಪಿನಲ್ಲಿ ಕೇಳಿದರಂತೆ, ಕೂದಲು ತುಂಬಾ ಬೆಳೆದಿದೆ, ಕೆಳಗಿಳಿಯಲು ಆಗುತ್ತಿಲ್ಲ, ಕಟಿಂಗ್ ಮಾಡಲು ಮನೆಗೆ ಯಾರಾದರೂ ಬರುತ್ತೀರಾ ಎಂದು. ಯಾರನ್ನೂ ಹೆಸರಿಸಲಿಲ್ಲ. ಅದರ ಕೆಳಗೇ ಉತ್ತರ ಬಂತಂತೆ, ಚಿಕ್ಕಪ್ಪನಿಂದ, ಎಂದರೆ ನಮ್ಮವರಿಂದ.

"ಬರ್ತೀನಿ ಅಂತ ಒಂದೇ ಮಾತು ಚಿಕ್ಕಮ್ಮಾ. ಅಪ್ಪ ಫೋನ್ ಹಿಡ್ಕೊಂಡು ಕೂತಲ್ಲೇ ಮಗು ಥರ ಖುಷಿಪಟ್ರು. ಅವತ್ತಿಂದ ದಿನಾ ಸ್ನಾನ ಮಾಡಿ, ಹೆಗಲ ಮೇಲೆ ಟವೆಲ್ ಹಾಕ್ಕೊಂಡು, ಬಾಗಿಲ ಹತ್ರ ಕೂತ್ಕೋತಾರೆ."

ದಾರ ನನ್ನ ಹಲ್ಲಿನಿಂದ ಜಾರಿತು. ಪರದೆಯ ಆ ಕಡೆ ಕತ್ತರಿ ನಿಂತಿತು.

ಚಿಕ್ಕಪ್ಪ ಗ್ರೂಪ್ ಬಿಟ್ಟು ಹೋಗಿದ್ದಾರೆ, ಅದು ಹೋಗುವವರು ಹೇಳುವ ಬರ್ತೀನಿ ಎಂದು ಅವಳು ಅಪ್ಪನಿಗೆ ಎಷ್ಟೋ ಸಲ ಹೇಳಿದಳಂತೆ. ಗಾಜಿನ ಬಾಗಿಲಿನ ಸಲೂನಿನಿಂದ ಯಾರನ್ನಾದರೂ ಕರೆತರುತ್ತೇನೆ ಎಂದಳಂತೆ. ಅಪ್ಪ ಒಪ್ಪಲಿಲ್ಲ. ಅವನನ್ನು ಕರೆಯಲೂ ಬೇಡ, ಬೇರೆಯವರನ್ನು ತರಲೂ ಬೇಡ ಎಂದರಂತೆ.

"ಯಾವಾಗ ಹೇಳಿದ್ರೇನು, ಬರ್ತೀನಿ ಅಂದವನು ಬರ್ತಾನೆ ಅಂತಾರೆ. ನಾಳೆ ಆಪರೇಷನ್ನಿಗೆ ಹೀಗೇ ಹೋಗ್ತೀನಿ ಅಂತ ಕೂತಿದ್ದಾರೆ. ನಂಗೆ ಭಯ ಆಗ್ತಿದೆ ಚಿಕ್ಕಮ್ಮಾ."

ಪರದೆ ಸರಿಯಿತು. ನಮ್ಮವರು ನಿಂತಿದ್ದರು, ಕೈಯಲ್ಲಿ ಬಾಚಣಿಗೆ. ಅವರ ಹಿಂದೆ ಕುರ್ಚಿಯಲ್ಲಿ ಮೆಡಿಕಲ್ ಶಾಪಿನವರು, ಒಂದು ಕಡೆಯ ಕೂದಲು ಕತ್ತರಿಸಿ ಇನ್ನೊಂದು ಕಡೆ ಹಾಗೇ ಇತ್ತು. ಮೊದಲು ಮಾತಾಡಿದ್ದು ಅವರೇ. ನಾನೂ ಆ ಮೆಸೇಜ್ ನೋಡಿದ್ದೆ, ಇಡೀ ಬೀದಿ ನೋಡಿತ್ತು, ನೀವು ಬರ್ತೀನಿ ಅಂದಿರಲ್ಲ, ಸದ್ಯ ರಾಜಿಯಾಯಿತು ಎಂದು ನಾವೆಲ್ಲ ಹೆಬ್ಬೆರಳು ಎತ್ತಿ ಸುಮ್ಮನಾದೆವು ಎಂದರು. ಬೆನ್ನು ತಟ್ಟಿದ್ದು ಅದಕ್ಕಂತೆ. ಇಷ್ಟು ಜನರಲ್ಲಿ ಒಬ್ಬರೂ ಮಹಡಿ ಹತ್ತಿ ನೋಡಿರಲಿಲ್ಲ, ಏಕೆಂದರೆ ನಮ್ಮವರು ಹತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮವರು ಕತ್ತರಿ, ಬಾಚಣಿಗೆ, ಕತ್ತಿ, ಬ್ರಷ್ಷು ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡರು. ಮೆಡಿಕಲ್ ಶಾಪಿನವರಿಗೆ ಸ್ವಲ್ಪ ಕೂತಿರಿ ಎಂದರು. ಅವರು ಕೂರಲಿಲ್ಲ. ನಮ್ಮವರು ಆ ಮರದ ಕುರ್ಚಿಯನ್ನು ಎತ್ತಲು ಹೋದಾಗ ಇನ್ನೊಂದು ಕಡೆ ಹಿಡಿದರು. ಹೀಗೆ ಹೊರಟಿತು ನಮ್ಮ ದಿಬ್ಬಣ. ಮುಂದೆ ಒಂದೇ ಹುಬ್ಬು ತಿದ್ದಿಸಿಕೊಂಡ ಹುಡುಗಿ, ಹಿಂದೆ ಕುರ್ಚಿ ಹೊತ್ತ ನಮ್ಮವರು, ಅವರ ಜೊತೆ ಕೊರಳಿಗೆ ಬಟ್ಟೆ ಕಟ್ಟಿಕೊಂಡ ಅರ್ಧ ತಲೆಯ ಮನುಷ್ಯ, ಕೊನೆಯಲ್ಲಿ ನಾನು. ಬೀದಿಯಲ್ಲಿ ಫೋನು ನೋಡುತ್ತ ನಿಂತವರೂ ತಲೆ ಎತ್ತಿದರು.

ಮೆಟ್ಟಿಲು ಕಿರಿದು. ಕುರ್ಚಿ ಎರಡು ಕಡೆ ಗೋಡೆ ಕೆರೆಯಿತು, ನಮ್ಮವರು ಏದುಸಿರು ಬಿಟ್ಟರು. ಮೇಲೆ ಬಾಗಿಲು ತೆರೆದೇ ಇತ್ತು. ಡ್ರೈವರಣ್ಣ ಬಾಗಿಲಿಗೆ ಮುಖ ಮಾಡಿ ಕೂತಿದ್ದರು, ಹೆಗಲ ಮೇಲೆ ಟವೆಲ್ಲು, ಪಕ್ಕದಲ್ಲಿ ಊರುಗೋಲು. ಕೂದಲು ಕಿವಿ ಮುಚ್ಚಿ, ಕಾಲರ್ ದಾಟಿ ಇಳಿದಿತ್ತು. ಮನುಷ್ಯ ಅರ್ಧ ಇಳಿದುಹೋಗಿದ್ದರು. ಕತ್ತು ಮಾತ್ರ ಮೊದಲಿನ ಹಾಗೇ ನೆಟ್ಟಗಿತ್ತು.

ನಮ್ಮವರು ಕುರ್ಚಿ ಇಳಿಸಿ, ಅವರ ಹಿಂದೆ ಹೋಗಿ ನಿಂತರು. ಬೆರಳುಗಳಿಂದ ಕೂದಲನ್ನು ಎತ್ತಿ ನೋಡಿದರು. ತಾವು ಕತ್ತರಿಸಿದ ತಲೆಗೆ ಬೇರೆಯವರು ಕೈ ಹಾಕಿದ್ದರೆ ಅವರಿಗೆ ಗೊತ್ತಾಗುತ್ತದೆ, ನಾನು ನನ್ನ ದಾರದ ಗೆರೆ ಗುರುತಿಸುವ ಹಾಗೆ. ಅಲ್ಲಿ ಬೇರೆ ಕತ್ತರಿಯ ಗುರುತಿರಲಿಲ್ಲ. ಜಗಳಕ್ಕೆ ಮೊದಲು ತಾವೇ ಹಾಕಿದ್ದ ಗೆರೆ, ಅಲ್ಲಿಂದ ಬೆಳೆದು ಬೆಳೆದು ಕೆಳಗಿಳಿದಿತ್ತು, ಅಷ್ಟೇ. ಎಲ್ಲೂ ಹೋಗಿರಲಿಲ್ಲ ಈ ತಲೆ.

ಡ್ರೈವರಣ್ಣ ತಿರುಗಲಿಲ್ಲ.

"ಬರ್ತೀನಿ ಅಂದವನು ಇಷ್ಟು ಹೊತ್ತೇನೋ?"

ಅದು ಹಾಗಲ್ಲ, ಇವರು ಹೇಳಿದ ಬರ್ತೀನಿ ಬೇರೆ ಎಂದು ಬಾಯಿಬಡುಕಿ ನಾನು ಇನ್ನೇನು ಹೇಳಿಬಿಡುತ್ತಿದ್ದೆ. ನಮ್ಮವರು ನನ್ನತ್ತ ಒಮ್ಮೆ ನೋಡಿದರು. ನಾಲಿಗೆ ಕಚ್ಚಿಕೊಂಡೆ.

"ಬಸ್ ಲೇಟಾಯ್ತಣ್ಣ," ಎಂದರು ನಮ್ಮವರು.

ಡ್ರೈವರಣ್ಣನೋ, ಬಸ್ಸು ಹತ್ತಿದವರಿಂದ ಇಡೀ ಜೀವಮಾನ ಆ ಮಾತು ಕೇಳಿ ಬೈಸಿಕೊಂಡಿದ್ದ ಮನುಷ್ಯ. ನಗುವಿಗೆ ಹೆಗಲು ಕುಲುಕಿತು. ಮಗಳು ಹಿಡಿದೆಬ್ಬಿಸಿ ಮರದ ಕುರ್ಚಿಗೆ ಕೂರಿಸಹೋದಾಗಲೇ, ಹೊಸ ಹೊಳಪಿನಡಿ ಅದು ಯಾವ ಕುರ್ಚಿ ಎಂದು ಅವರಿಗೆ ಗೊತ್ತಾದದ್ದು. ಕೈಯನ್ನು ಅದರ ತೋಳಿನ ಮೇಲೆ ಇಟ್ಟು, ಸವರಿ, ಇದು ಹೋಯಿತಲ್ಲ ಎಂದು ಅವತ್ತು ಅಳು ಬಂದಿತ್ತು, ಅದಕ್ಕೇ ಅಳುವ ಮುಖ ಹಾಕಿದ್ದೆ, ನೀನು ಯಾಕೆ ಆ ಥರ ಬರೆದೆ ಎಂದು ಕೇಳಿದರು.

"ಅಳೋ ಮುಖಾನಾ ಅದು? ಹಲ್ಲು ಕಾಣ್ತಿತ್ತಲ್ಲಣ್ಣ."

"ಕಣ್ಣೀರು ಕಾಣಲಿಲ್ವೇನೋ ನಿಂಗೆ?"

ಇಷ್ಟೇ ಆದದ್ದು. ಒಬ್ಬರು ಕಣ್ಣೀರು ನೋಡಿ ಒತ್ತಿದ್ದರು, ಇನ್ನೊಬ್ಬರು ಹಲ್ಲು ನೋಡಿ ಸಿಟ್ಟಾಗಿದ್ದರು. ಇಬ್ಬರೂ ಬೆಪ್ಪುತಕ್ಕಡಿಗಳು. ಅದನ್ನು ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ, ಯಾರೂ ಅಲ್ಲಗಳೆಯಲಿಲ್ಲ.

ನಮ್ಮವರು ಅವತ್ತು ಕತ್ತರಿಸಿದ ಹಾಗೆ ಯಾವತ್ತೂ ಕತ್ತರಿಸಿದ್ದಿಲ್ಲ. ನಿಧಾನವಾಗಿ, ಒಂದೊಂದೇ ಎಳೆ ಹಿಡಿದು. ಕೊನೆಗೆ ಕತ್ತಿನ ಮೇಲೆ ಬ್ರಷ್ ಆಡಿಸಿ, ಊದಿ, ಎರಡೂ ಕೈಯನ್ನು ಆ ತಲೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು. ನಾನು ಅಡುಗೆಮನೆಗೆ ಹೋಗಿ ಟೀ ಮಾಡಿದೆ, ಅವಳ ಇನ್ನೊಂದು ಹುಬ್ಬನ್ನೂ ಅಲ್ಲೇ ಮುಗಿಸಿದೆ. ಮೆಡಿಕಲ್ ಶಾಪಿನವರ ಉಳಿದರ್ಧವೂ ಅಲ್ಲೇ ಆಯಿತು. ನಾಳೆಗೆ ಯಾವ ಔಷಧಿ ಬೇಕಾದೀತು ಎಂದು ಅವರು ಮಗಳನ್ನು ಕೇಳಿ ತಿಳಿದುಕೊಂಡರು. ಅವಳ ಮುಖ ಸ್ವಲ್ಪ ತಿಳಿಯಾಯಿತು.

ಬೆಳಿಗ್ಗೆ ಡ್ರೈವರಣ್ಣನನ್ನು ಆ ಕುರ್ಚಿಯಲ್ಲೇ ಕೂರಿಸಿ ಕೆಳಗಿಳಿಸಿದೆವು. ಹಿಂದೆ ನಮ್ಮವರು ಮತ್ತು ಮೆಡಿಕಲ್ ಶಾಪಿನವರು, ಮುಂದೆ ಸ್ಕೂಟರಿನವರು ಮತ್ತು ಅವರಿಗೆ ಬೈದವರು. ಮಾತು ಬಾಯಿಂದ ಬಾಯಿಗೆ ಹೋಗಿತ್ತು, ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಒಬ್ಬರು ಫ್ಲಾಸ್ಕಿನಲ್ಲಿ ಬಿಸಿನೀರು ತಂದರು, ಒಬ್ಬರು ಹೊದಿಕೆ ತಂದರು. ನಾವು ಬರದೇ ಇದ್ದದ್ದು ತಪ್ಪಾಯಿತು ಎಂದು ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡಳು. ಕಾರು ಕಾಯುತ್ತಿತ್ತು. ಹತ್ತುವ ಮೊದಲು ಡ್ರೈವರಣ್ಣ ಕೈ ಎತ್ತಿ ಎಲ್ಲರಿಗೂ ಒಂದೇ ಸಲ ಹೇಳಿದರು.

"ಬರ್ತೀನಿ."

ಹೋಗಿ ಬನ್ನಿ, ಹೋಗಿ ಬನ್ನಿ ಎಂದಿತು ಇಡೀ ಬೀದಿ. ನಮ್ಮವರು ಮಾತ್ರ ಕುರ್ಚಿಯ ಬೆನ್ನು ಬಿಡಲಿಲ್ಲ. ಹೃದಯ ಗಟ್ಟಿಯಿಲ್ಲ ಎಂಬ ಡಾಕ್ಟರ ಮಾತು ಅವರ ಕಿವಿಯಲ್ಲೇ ಇತ್ತು ಎಂದು ನನಗೆ ಗೊತ್ತು. ತಗ್ಗಿದ ದನಿಯಲ್ಲಿ ಕೇಳಿದರು.

"ಇದು ಯಾವ ಬರ್ತೀನಿ ಅಣ್ಣ?"

ಡ್ರೈವರಣ್ಣ ಅವರ ಕೈ ತಟ್ಟಿದರು.

"ಡ್ರೈವರ್ ಬರ್ತೀನಿ ಕಣೋ ಇದು. ಹೊರಟ ಗಾಡಿ ಡಿಪೋಗೆ ವಾಪಸ್ ಬರಲೇಬೇಕು, ಇಲ್ದಿದ್ರೆ ಮೆಮೋ ಕೊಡ್ತಾರೆ."

ಕಾರು ತಿರುವಿನಲ್ಲಿ ಮರೆಯಾಯಿತು. ನಮ್ಮವರು ಕುರ್ಚಿಯನ್ನು ತಂದು ಅಂಗಡಿಯೊಳಗೆ ಬಾಗಿಲಿಗೆ ಮುಖ ಮಾಡಿ ಇಟ್ಟರು, ಬೆನ್ನಿನ ಮೇಲೆ ತೊಳೆದ ಟವೆಲ್ಲು ಹಾಕಿದರು. ಆ ದಿನ ಬೆಂಚು ತುಂಬಿತ್ತು, ಕಟಿಂಗ್ ಬೇಕಾದವರು ಮಾತ್ರ ಅದರಲ್ಲಿ ಅರ್ಧವೂ ಇರಲಿಲ್ಲ. ಬಂದವರು ಹೇಳಿಸಿಕೊಳ್ಳದೆ ಫೋನುಗಳನ್ನು ಟ್ರೇಗೆ ಹಾಕಿ ಕೂತರು. ಮಾತು ಆಗಾಗ ಎದ್ದು ಆಗಾಗ ಸತ್ತುಹೋಗುತ್ತಿತ್ತು. ಮಧ್ಯಾಹ್ನ ಕಳೆಯಿತು. ನಮ್ಮವರು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದರು. ನನಗೆ ಬೈಯಲು ಮನಸ್ಸಾಗಲಿಲ್ಲ.

ಸಂಜೆಯ ಹೊತ್ತಿಗೆ ಟ್ರೇಯಲ್ಲಿ ಒಂದು ಫೋನು ಹೊಡೆದುಕೊಂಡಿತು. ನಮ್ಮವರದೇ. ಅವರ ಕೈ ತುಂಬಾ ಸೋಪಿನ ನೊರೆ, ನಾನೇ ಎತ್ತಿದೆ. ಡ್ರೈವರಣ್ಣನ ಮಗಳು ಅಳುತ್ತಿದ್ದಳು. ಆಮೇಲೆ ಅವಳ ಮಾತು ಅರ್ಥವಾಯಿತು. ಎಲ್ಲ ಚೆನ್ನಾಗಿ ಮುಗಿಯಿತಂತೆ, ಅಪ್ಪನಿಗೆ ಎಚ್ಚರವಾಗಿದೆಯಂತೆ, ಚಿಕ್ಕಪ್ಪನಿಗೆ ಏನೋ ಹೇಳಬೇಕಂತೆ. ನಾನು ಫೋನನ್ನು ನಮ್ಮವರ ಕಿವಿಗೆ ಹಿಡಿದೆ, ನನ್ನ ಕಿವಿಯನ್ನೂ ಅದರ ಹಿಂದೆಯೇ ಇಟ್ಟೆ. ಮೊದಲು ಉಸಿರಿನ ಸದ್ದು. ಆಮೇಲೆ ಮಂಪರಿನಲ್ಲಿ, ತೊದಲುತ್ತ, ಆ ದನಿ.

"ಬಂದೆ ಕಣೋ."

ನಮ್ಮವರು ನೊರೆಯ ಕೈಯಲ್ಲೇ ಪರದೆ ಸರಿಸಿ ನನ್ನ ಕುರ್ಚಿಯ ಕಡೆಗೆ ಹೋಗಿ ನಿಂತರು, ನಾನೂ ಹಿಂದೆಯೇ ಹೋದೆ. ಹಲ್ಲು ಪೂರ್ತಿ ಕಾಣುತ್ತಿತ್ತು, ಕಣ್ಣೀರೂ ಇಳಿಯುತ್ತಿತ್ತು. ಅಳುತ್ತಿದ್ದೀರಾ ನಗುತ್ತಿದ್ದೀರಾ ಎಂದು ನಾನು ಕೇಳಲಿಲ್ಲ, ಟವೆಲ್ಲು ಕೊಟ್ಟೆ.